ಅಂಗೈಯಲ್ಲಿ ಆರೋಗ್ಯ

ಪುಸ್ತಕವನ್ನೋ ನಾಟಕವನ್ನೋ ವಿಮರ್ಶಿಸುವುದು ನಮಗೆ ರೂಢಿಯಾದ ಸಂಗತಿ. ಫೋನಿನೊಳಗಿನ ಆ್ಯಪ್ ಒಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಅದೂ ಯಾರೋ ಕುಳಿತು ರಚಿಸಿದ ಕೃತಿಯೇ. ಅದರಲ್ಲಿ ಮಾತುಗಳಿವೆ, ಚಿತ್ರಗಳಿವೆ, ತನ್ನದೇ ಆದ ದನಿಯಿದೆ. ಮನುಷ್ಯನೆಂದರೆ ಯಾರು, ಅವನಿಗೆ ಒಳಿತು ಯಾವುದು ಎಂಬ ಬಗ್ಗೆ ಒಂದು ಖಚಿತವಾದ ಕಲ್ಪನೆಯೂ ಇದೆ. ಒಂದು ಕಾದಂಬರಿಯನ್ನು ನಮ್ಮ ಮನೆಯ ಮಕ್ಕಳು ಒಮ್ಮೆ ಓದಿ ಕಪಾಟಿಗೆ ಸೇರಿಸುತ್ತಾರೆ. ಈ ಕೃತಿಯನ್ನಾದರೋ ಎದ್ದೊಡನೆ ತೆರೆಯುತ್ತಾರೆ, ಮಲಗುವ ಮುನ್ನ ಮುಚ್ಚುತ್ತಾರೆ. ಆದ್ದರಿಂದ ನಡಿಗೆ, ಊಟ, ನಿದ್ರೆ, ಮನಶ್ಶಾಂತಿಗಳನ್ನು ನೋಡಿಕೊಳ್ಳುತ್ತೇನೆಂದು ಹೇಳುವ ಆರೋಗ್ಯ ಆ್ಯಪ್‌ಗಳನ್ನು ಒಮ್ಮೆ ನಿಧಾನವಾಗಿ ಓದಿ ನೋಡುವುದು ಅನುಚಿತವೆನಿಸಲಾರದು.

ಇಂಥ ಆ್ಯಪ್‌ಗಳಿಗೆ ನಮ್ಮ ಬೆಂಗಳೂರೇ ತವರು ಎಂಬುದನ್ನು ಮೊದಲು ನೆನೆಯಬೇಕು. ಊಟದ ಕ್ಯಾಲರಿ ಲೆಕ್ಕ ಇಡುವ ಹೆಲ್ತಿಫೈಮಿ 2012ರಲ್ಲಿ ಇಲ್ಲಿ ಹುಟ್ಟಿತು. ಆಪ್ತಸಲಹೆಗಾರರನ್ನು ಫೋನಿನಲ್ಲೇ ದೊರಕಿಸಿಕೊಡುವ ಯುವರ್‌ದೋಸ್ತ್ 2014ರದು. ಜೋ ಅಗರ್ವಾಲ್ ಮತ್ತು ರಾಮಕಾಂತ್ ವೆಂಪಟಿ ಅವರು 2015ರಲ್ಲಿ ಆರಂಭಿಸಿದ ಸಂಸ್ಥೆಯಿಂದ ವೈಸಾ ಎಂಬ ಮಾತನಾಡುವ ಪೆಂಗ್ವಿನ್ ಬಂದಿತು. ಮುಕೇಶ್ ಬನ್ಸಾಲ್ ಮತ್ತು ಅಂಕಿತ್ ನಾಗೋರಿ 2016ರಲ್ಲಿ ಕ್ಯೂರ್‌ಫಿಟ್ ಕಟ್ಟಿದರು. ಇಂದು ಅದನ್ನು ಕಲ್ಟ್‌ಫಿಟ್ ಎಂದು ಕರೆಯುತ್ತಾರೆ. ನಾಲ್ಕೇ ವರ್ಷಗಳ ಅವಧಿಯಲ್ಲಿ ಒಂದೇ ಊರಿನಲ್ಲಿ ಇಷ್ಟು ಹುಟ್ಟಿದ್ದು ಆಕಸ್ಮಿಕವಲ್ಲ. ತಂತ್ರಾಂಶ ಬರೆಯಬಲ್ಲವರು ಇಲ್ಲಿದ್ದರು, ದಣಿದವರೂ ಇಲ್ಲೇ ಇದ್ದರು. ಎಷ್ಟೋ ಸಲ ಅವರಿಬ್ಬರೂ ಒಬ್ಬರೇ ಆಗಿದ್ದರು.

ಆ ದಣಿವಿಗೆ ಒಂದು ಭೂಗೋಳವೂ ಇದೆ. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ಬೇಸಾಯಕ್ಕಾಗಿ ಕೊಟ್ಟ ನೆಲ; ಡಿ.ಎಸ್. ವೈಟ್ ಅವರ ಹೆಸರನ್ನು ಹೊತ್ತ ಆ ಊರು ನಗರದ ಗದ್ದಲದಿಂದ ದೂರವಿರಲೆಂದೇ ಮೂಡಿದ್ದು. 1990ರ ದಶಕದಲ್ಲಿ ಐಟಿಪಿಎಲ್ ಬಂದ ಮೇಲೆ ಆ ದೂರವೇ ಜನರ ಶತ್ರುವಾಯಿತು. ದಕ್ಷಿಣ ದಿಕ್ಕಿನಲ್ಲಿ 1978ರಲ್ಲಿ ಕಿಯೋನಿಕ್ಸ್ ಮೂಲಕ ಆರ್.ಕೆ. ಬಾಳಿಗರು ಕನಸಿದ ಎಲೆಕ್ಟ್ರಾನಿಕ್ ಸಿಟಿಯ ಕಥೆಯೂ ಹೆಚ್ಚು ಭಿನ್ನವಲ್ಲ. 2023ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಯಿತೆಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿತು. ಆ ವರ್ಷ ಲೋಕದ ನಗರಗಳಲ್ಲಿ ನಮ್ಮದು ಆರನೆಯ ಸ್ಥಾನ. ಸರಾಸರಿಯ ಮಾತು ಹಾಗಿರಲಿ, ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಬಳಿ ನಿಂತವರಿಗೆ ಈ ಅಂಕಿ ನಗೆ ತರಿಸುತ್ತದೆ. ಮೆಟ್ರೋ 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಹಾದು ಬೊಮ್ಮಸಂದ್ರಕ್ಕೆ ತಲುಪಿತು. ಅದರಿಂದ ಅನೇಕರ ಕಾಲುನೋವು, ತಲೆನೋವು ತಗ್ಗಿದ್ದರೆ ಅದನ್ನೂ ಆರೋಗ್ಯ ಸೇವೆ ಎಂದೇ ಎಣಿಸಬೇಕಲ್ಲವೇ?

ಈಗ ಕೃತಿಯ ಮೊದಲ ಪುಟಕ್ಕೆ ಬರೋಣ. ಆ್ಯಪ್ ತೆರೆದೊಡನೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ನಿಮ್ಮ ಗುರಿ ಏನು? ಎತ್ತರ ಎಷ್ಟು, ತೂಕ ಎಷ್ಟು, ಎಷ್ಟು ಗಂಟೆ ನಿದ್ರಿಸುತ್ತೀರಿ? ಇಂದು ನಿಮ್ಮ ಮನಸ್ಸು ಹೇಗಿದೆ? ಅಳುವ ಮುಖದಿಂದ ನಗುವ ಮುಖದವರೆಗೆ ಪುಟ್ಟ ಮುಖಗಳ ಒಂದು ಸಾಲು, ಒಂದನ್ನು ಒತ್ತಬೇಕು. ಕೇಳದ ಪ್ರಶ್ನೆಗಳನ್ನು ಗಮನಿಸಿ. ನೀವು ಮನೆ ಸೇರುವುದು ಎಷ್ಟು ಗಂಟೆಗೆ? ನಿಮ್ಮ ಮೇಲಧಿಕಾರಿ ರಾತ್ರಿ ಹತ್ತರ ಮೇಲೂ ಸಂದೇಶ ಕಳಿಸುತ್ತಾರೆಯೇ? ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದಾರೆಯೇ? ಊಟಕ್ಕೆ ಜೊತೆಯಾಗುವವರು ಯಾರು? ಈ ಕೃತಿಯ ಕಥಾನಾಯಕನಿಗೆ ತಾಯಿ ಇಲ್ಲ, ಸಾಲ ಇಲ್ಲ, ನೆರೆಹೊರೆ ಇಲ್ಲ. ಒಂದು ದೇಹ, ಒಂದು ಮನಸ್ಸು, ಎರಡನ್ನೂ ಸುಧಾರಿಸಬೇಕೆಂಬ ಒಂದು ಸಂಕಲ್ಪ. ಅಷ್ಟೇ ಅವನ ಸಂಸಾರ. ಸಂಕಲ್ಪ ಸೋತರೆ ತಪ್ಪು ಅವನದೇ.

ಈ ಕಲ್ಪನೆ ಅಂಕಿಗಳ ಮೂಲಕ ಹೇಗೆ ಅಧಿಕಾರ ಪಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂಬುದು ಇಂದು ವೇದವಾಕ್ಯದಂತೆ ಹರಡಿದೆ. ಅದು ವೈದ್ಯರ ಸಭೆಯಿಂದ ಬಂದದ್ದೆಂದು ತಿಳಿದವರು ಬಹಳ. ವಾಸ್ತವವಾಗಿ, ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಕಟ್ಟಿಕೊಳ್ಳುವ ಹೆಜ್ಜೆ ಮಾಪಕವೊಂದನ್ನು ಮಾರುಕಟ್ಟೆಗೆ ತಂದು ಅದಕ್ಕೆ ‘ಹತ್ತು ಸಾವಿರ ಹೆಜ್ಜೆಗಳ ಮಾಪಕ’ ಎಂಬರ್ಥದ ಹೆಸರಿಟ್ಟಿತು. ಸರಕಿನ ಹೆಸರೇ ಮುಂದೆ ಆರೋಗ್ಯದ ಶಾಸನವಾಯಿತು. 2019ರಲ್ಲಿ ಅಮೆರಿಕದಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು, ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಹೆಜ್ಜೆಗಳನ್ನು ಅಳೆದು ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೇನು? ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. ಸುಮಾರು 7,500ರ ನಂತರ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ನಮ್ಮ ಧರ್ಮಕೇಂದ್ರದ ಹಿರಿಯ ತಾಯಂದಿರು ಮನೆಯಿಂದ ದೇವಾಲಯಕ್ಕೆ, ಅಲ್ಲಿಂದ ತರಕಾರಿ ಅಂಗಡಿಗೆ ನಡೆದು ಬಂದು, ಮೊಮ್ಮಗನು ಕಟ್ಟಿದ ಕೈಗಡಿಯಾರದಲ್ಲಿ 5,000 ಎಂಬ ಅಂಕಿ ಕಂಡು ಕೊರಗಬೇಕಾದ ಕಾರಣವಿಲ್ಲ. ಗಡಿಯಾರ ಅವರನ್ನು ನಾಪಾಸು ಮಾಡುತ್ತದೆ, ಅಷ್ಟೆ.

ಇನ್ನು ‘ಸ್ಟ್ರೀಕ್’ ಎಂಬ ಅಲಂಕಾರದ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು. ಸತತ ಎಷ್ಟು ದಿನ ನೀವು ಆ್ಯಪ್ ತೆರೆದಿರಿ ಎಂಬ ಎಣಿಕೆ ಅದು. ಏಳು ದಿನವಾದರೆ ಒಂದು ಪದಕ, ಮೂವತ್ತಾದರೆ ಇನ್ನೊಂದು. ಒಂದು ದಿನ ತಪ್ಪಿದರೆ ಮತ್ತೆ ಸೊನ್ನೆ. ಗಳಿಸುವ ಸಂತೋಷಕ್ಕಿಂತ ಕಳೆದುಕೊಳ್ಳುವ ಭಯ ಬಲವಾದದ್ದೆಂಬ ಮನೋವಿಜ್ಞಾನದ ತಿಳಿವಳಿಕೆಯ ಮೇಲೆ ನಿಂತ ಉಪಾಯವಿದು. ಧ್ಯಾನ ಮಾಡಿಸುವ ಆ್ಯಪ್‌ನಲ್ಲೂ ಇದು ಇರುವುದನ್ನು ಕಂಡಾಗ ಆಶ್ಚರ್ಯವಾಗುತ್ತದೆ. ಉಸಿರನ್ನು ಗಮನಿಸಿ, ಯಾವುದಕ್ಕೂ ಅಂಟಿಕೊಳ್ಳಬೇಡಿ ಎಂದು ಮೆಲುದನಿಯಲ್ಲಿ ಹೇಳಿದ ಬಳಿಕ, ನಿಮ್ಮ 23 ದಿನಗಳ ಸರಣಿ ತಪ್ಪಿಹೋಗುತ್ತಿದೆ ಎಂದು ರಾತ್ರಿ ಹನ್ನೊಂದಕ್ಕೆ ಎಬ್ಬಿಸುವುದೆಂದರೇನು? ಈ ದೋಷ ಲೌಕಿಕ ಆ್ಯಪ್‌ಗಳದ್ದು ಮಾತ್ರವೆಂದು ನಾವು ಬೀಗಬೇಕಾಗಿಲ್ಲ. 2018ರಲ್ಲಿ ಅಮೆರಿಕದ ಕಥೋಲಿಕ ಯುವಕರು ಆರಂಭಿಸಿದ ‘ಹ್ಯಾಲೋ’ ಎಂಬ ಪ್ರಾರ್ಥನಾ ಆ್ಯಪ್ ಕೂಡ ಪ್ರಾರ್ಥಿಸಿದ ದಿನಗಳ ಸರಣಿಯನ್ನು ಎಣಿಸಿ ತೋರಿಸುತ್ತದೆ. ಜಪಸರದ ಮಣಿಯೂ ಎಣಿಕೆಯೇ ಎಂದು ನೀವು ವಾದಿಸಬಹುದು. ಸರಿ, ಆದರೆ ನಿನ್ನೆ ಜಪಸರ ಹೇಳಲಿಲ್ಲವೆಂದು ಮಣಿ ಇಂದು ಯಾರನ್ನೂ ಗದರಿಸುವುದಿಲ್ಲ.

ಹೀಗೇಕೆ ರಚಿಸುತ್ತಾರೆ? ದುರುದ್ದೇಶದಿಂದಲೇ ಎಂದು ಹೇಳುವುದು ಅನ್ಯಾಯವಾದೀತು. ಮಾನಸಿಕ ಆರೋಗ್ಯದ 93 ಆ್ಯಪ್‌ಗಳ ನೈಜ ಬಳಕೆಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಇಳಿಸಿಕೊಂಡ ಹದಿನೈದು ದಿನಗಳ ಬಳಿಕ ಅವನ್ನು ತೆರೆಯುವವರು ನೂರಕ್ಕೆ ಸುಮಾರು ನಾಲ್ವರು ಮಾತ್ರ. ಮೂವತ್ತನೆಯ ದಿನಕ್ಕೆ ಮೂವರು. ರಚನಕಾರರ ನಿದ್ದೆಗೆಡಿಸುವ ಅಂಕಿಯಿದು. ಹೂಡಿಕೆದಾರರು ಕೇಳುವುದು ಎಷ್ಟು ಜನ ಮರಳಿ ಬಂದರು ಎಂದೇ ಹೊರತು ಎಷ್ಟು ಜನ ಗುಣವಾದರು ಎಂದಲ್ಲ. ಒಳ್ಳೆಯ ವೈದ್ಯರು, ಇನ್ನು ನೀವು ಬರಬೇಕಾಗಿಲ್ಲ ಎಂದು ಹೇಳುವ ದಿನಕ್ಕಾಗಿ ದುಡಿಯುತ್ತಾರೆ. ವಾರ್ಷಿಕ ಚಂದಾದ ಮೇಲೆ ಬದುಕುವ ಆ್ಯಪ್ ಆ ಮಾತನ್ನು ಹೇಳಿದರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ. ಈ ಪ್ರಕಾರದ ಎಲ್ಲ ಕೃತಿಗಳ ನಡುವೆ ಹಾದುಹೋಗುವ ಬಿರುಕು ಇದೇ ಎಂದು ನನ್ನ ಅಭಿಪ್ರಾಯ. ಬಣ್ಣ, ಚಿತ್ರ, ಸಂಗೀತಗಳ ಗುಣದೋಷಗಳೆಲ್ಲ ಇದರ ನಂತರದವು.

ಹಾಗೆಂದು ಮೆಚ್ಚತಕ್ಕ ಅಂಶಗಳೇ ಇಲ್ಲವೇ? ಖಂಡಿತ ಇವೆ. ಹೆಲ್ತಿಫೈಮಿ ಅನ್ನವನ್ನೂ ಸಾರನ್ನೂ ಬಟ್ಟಲಿನ ಅಳತೆಯಲ್ಲಿ ಒಪ್ಪಿಕೊಂಡಿತು. ಅದಕ್ಕೂ ಮೊದಲು ಪರದೇಶದ ಆ್ಯಪ್‌ಗಳಲ್ಲಿ ನಮ್ಮ ಊಟ ಔನ್ಸು, ಗ್ರಾಮುಗಳ ನಡುವೆ ದಿಕ್ಕೆಟ್ಟು ನಿಂತಿರುತ್ತಿತ್ತು. ಇದು ಸಣ್ಣ ಸಾಧನೆಯಲ್ಲ. ವೈಸಾದ ಪೆಂಗ್ವಿನ್ ನಿಮ್ಮ ನಿಜವಾದ ಹೆಸರನ್ನು ಕೇಳುವುದಿಲ್ಲ. ನಮ್ಮ ಕುಟುಂಬಗಳಲ್ಲಿ ಮನೋವೈದ್ಯರೆಂಬ ಪದವೇ ಮದುವೆ ಮಾತುಕತೆಯನ್ನು ಮುರಿಯುವಷ್ಟು ಭಾರವಾಗಿರುವಾಗ, ಯಾರ ಕಣ್ಣಿಗೂ ಬೀಳದೆ ಎದೆಯ ಮಾತನ್ನು ಒಂದು ಕಡೆ ಬರೆದು ಹಾಕಬಹುದೆಂಬುದು ಎಷ್ಟೋ ಯುವಜನರಿಗೆ ಮೊದಲ ಬಾಗಿಲಾಗಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ ಸತ್ಯ ಕಹಿಯಾದದ್ದು: ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು. ಇಷ್ಟು ದೊಡ್ಡ ಕಂದಕದ ಮುಂದೆ ನಿಂತು ಪೆಂಗ್ವಿನ್ನನ್ನು ಗೇಲಿ ಮಾಡುವುದು ಸುಲಭ, ಆದರೆ ಸಲ್ಲದು.

ಆದರೂ ಪುರಾವೆಯ ತೂಕವನ್ನು ತಿಳಿದಿರಬೇಕು. ವೈಸಾ ಕುರಿತು 2018ರಲ್ಲಿ ಪ್ರಕಟವಾಗಿ ಹೆಚ್ಚು ಉಲ್ಲೇಖಗೊಂಡ ಅಧ್ಯಯನದಲ್ಲಿ ಇದ್ದವರು 129 ಮಂದಿ ಬಳಕೆದಾರರು. ಹೆಚ್ಚು ಬಳಸಿದ 108 ಜನರಲ್ಲಿ, ಕಡಿಮೆ ಬಳಸಿದ 21 ಜನರಿಗಿಂತ ಖಿನ್ನತೆಯ ಲಕ್ಷಣಗಳು ಹೆಚ್ಚು ಇಳಿದಿದ್ದವು. ಭರವಸೆಯ ಸುದ್ದಿಯೇ. ಆದರೆ ಬಳಸಿದ್ದರಿಂದ ಸುಧಾರಿಸಿದರೋ, ಸುಧಾರಿಸುವ ಚೈತನ್ಯವಿದ್ದುದರಿಂದ ಹೆಚ್ಚು ಬಳಸಿದರೋ ಎಂಬುದನ್ನು ಅಂಥ ಹೋಲಿಕೆ ಬಿಡಿಸಿ ಹೇಳಲಾರದು. ಇನ್ನೊಂದು ಮಾತು. ಅಮೆರಿಕದಲ್ಲಿ ವೈಸಾದಂತೆಯೇ ಹೆಸರಾಗಿದ್ದ ವೋಬಾಟ್ ಎಂಬ ಆ್ಯಪ್ 2025ರ ಜೂನ್ 30ರಂದು ಮುಚ್ಚಿತು. ಪ್ರತಿರಾತ್ರಿ ಅದರೊಂದಿಗೆ ಮಾತನಾಡುತ್ತಿದ್ದವರಿಗೆ ಗೆಳೆಯನೊಬ್ಬ ನೋಟಿಸು ಅಂಟಿಸಿ ಮನೆ ಖಾಲಿ ಮಾಡಿದ ಹಾಗಾಗಿರಬೇಕು.

ಗುಟ್ಟಿನ ವಿಷಯವನ್ನು ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ ಎಂಬ ನಿಯಮದ ನೆರಳಿನಲ್ಲಿ ಬೆಳೆದವರು ನಾವು. ಆ್ಯಪ್‌ಗೆ ಹೇಳಿದ್ದು ಎಲ್ಲಿಗೆ ಹೋಗುತ್ತದೆ? ಅಮೆರಿಕದ ಬೆಟರ್‌ಹೆಲ್ಪ್ ಎಂಬ ಆಪ್ತಸಲಹೆಯ ಆ್ಯಪ್ ತನ್ನ ಬಳಕೆದಾರರ ವಿವರಗಳನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳೊಂದಿಗೆ ಜಾಹೀರಾತಿಗಾಗಿ ಹಂಚಿಕೊಂಡಿತೆಂಬ ಆರೋಪದಲ್ಲಿ, 2023ರಲ್ಲಿ ಅಲ್ಲಿನ ಸರ್ಕಾರಿ ಆಯೋಗದೊಂದಿಗೆ ರಾಜಿಯಾಗಿ 78 ಲಕ್ಷ ಡಾಲರ್ ತೆರಬೇಕಾಯಿತು. ನಮ್ಮ ದೇಶದಲ್ಲೂ ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಾಯ್ದೆಗೂ ನಿಲುಕದ ಸಣ್ಣ ಸಂಗತಿಯೊಂದಿದೆ. ಅನೇಕ ಕಂಪನಿಗಳು ಇಂಥ ಆ್ಯಪನ್ನು ನೌಕರರಿಗೆ ಉಚಿತವಾಗಿ ಕೊಡುತ್ತವೆ. ವ್ಯಕ್ತಿಯ ಹೆಸರು ಕಾಣುವುದಿಲ್ಲ, ಒಟ್ಟಾರೆ ಲೆಕ್ಕ ಮಾತ್ರ ಕಾಣುತ್ತದೆ ಎಂಬ ಭರವಸೆ ಇರುತ್ತದೆ. ಆರು ಜನರ ತಂಡದಲ್ಲಿ ಇಬ್ಬರಿಗೆ ನಿದ್ರೆಯಿಲ್ಲ ಎಂಬ ಒಟ್ಟಾರೆ ಲೆಕ್ಕ ಕಂಡರೆ ಆ ಇಬ್ಬರು ಯಾರೆಂದು ತಿಳಿಯಲು ಮೇಲಧಿಕಾರಿಗೆ ಎಷ್ಟು ಹೊತ್ತು ಬೇಕು?

ಕಂಪನಿಯ ಮಾತು ಬಂದಿತು. ದುಡಿಮೆಯಿಂದ ಉಂಟಾಗುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ವಿವರಿಸುವಾಗ ಬಹಳ ಎಚ್ಚರ ವಹಿಸಿತು: ಇದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಅಂದರೆ ಮದ್ದು ಬೇಕಾದದ್ದು ಕೆಲಸದ ಜಾಗಕ್ಕೆ. ನಮ್ಮಲ್ಲಿ ಏನಾಯಿತು ನೋಡಿ. 2023ರ ಅಕ್ಟೋಬರ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯನ್ನು ಜಗತ್ತಿಗೆ ಪರಿಚಯಿಸಿದ ಇನ್ಫೋಸಿಸ್‌ನ ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ಐಟಿ ನೌಕರರ ದಿನದ ಕೆಲಸವನ್ನು 14 ಗಂಟೆಗಳವರೆಗೆ ವಿಸ್ತರಿಸಲು ಅವಕಾಶ ಕೊಡುವ ಪ್ರಸ್ತಾಪ ಕರ್ನಾಟಕ ಸರ್ಕಾರದ ಮುಂದೆ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಇಂಥ ವಾತಾವರಣದಲ್ಲಿ ಕಂಪನಿ ಕೊಡುವ ಐದು ನಿಮಿಷಗಳ ಉಸಿರಾಟದ ಆ್ಯಪ್ ಎಂದರೆ, ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತೆಯೇ ಸರಿ.

ಇದು ಬರಿಯ ಆಕ್ಷೇಪವೆಂದು ಭಾವಿಸದಿರಿ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಅವರು ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯ ಆ್ಯಪ್, ಒತ್ತಡ ನಿರ್ವಹಣೆಯ ತರಗತಿ ಮುಂತಾದ ವೈಯಕ್ತಿಕ ಪರಿಹಾರಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಹೆಚ್ಚು ನೆಮ್ಮದಿಯಿಂದೇನೂ ಇರಲಿಲ್ಲ. ಒಂದೇ ಒಂದು ಅಪವಾದ ಕಂಡುಬಂದಿತು: ಪರರಿಗಾಗಿ ಸ್ವಯಂಸೇವೆ ಮಾಡುವ ಅವಕಾಶ ಪಡೆದವರು. ವಿನ್ಸೆಂಟ್ ದೆ ಪೌಲ್ ಸಭೆಯ ಹಿರಿಯರು ಇದನ್ನು ಓದಿ ಮುಗುಳ್ನಗಬಹುದು. ಆದರೆ ಒಂದು ಅಧ್ಯಯನದ ಮೇಲೆ ಹೆಚ್ಚು ಭಾರ ಹೊರಿಸದಿರುವುದೇ ಲೇಸು.

ಈ ಕೃತಿಗಳಲ್ಲಿ ಪಾತ್ರವೇ ಆಗದವರ ಕಡೆಗೆ ಈಗ ತಿರುಗೋಣ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ಮುಂದೆ ರಾತ್ರಿ ಪಾಳಿ ನಿಲ್ಲುವವರ, ಗಾರ್ಮೆಂಟ್ಸ್‌ನಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕಕ್ಕೆ ಹೊಲಿಯುವ ಹೆಣ್ಣುಮಕ್ಕಳ ಕೈಯಲ್ಲೂ ಫೋನಿದೆ. ಆದರೆ ರಾತ್ರಿ ಹತ್ತಕ್ಕೆ ಪರದೆಯ ಬೆಳಕು ತಗ್ಗಿಸಿ ಮಲಗಿ ಎನ್ನುವ ಸಲಹೆ ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಸುವವರಿಗೆ ಯಾವ ಉಪಯೋಗಕ್ಕೆ? ಹೆಜ್ಜೆಗಳು ಅವರಲ್ಲಿ ಧಾರಾಳ. ಕೊರತೆಯಿರುವುದು ಕೂರಲು ಒಂದು ಸ್ಟೂಲಿನದು. ಕಾರ್ಯನಿರತ ವೃತ್ತಿಪರ ಎಂಬ ಪದಕ್ಕೆ ಇವರನ್ನು ಸೇರಿಸದ ವ್ಯಾಖ್ಯಾನ ಎಂಥದು?

ಭಾಷೆಯೂ ಅವರನ್ನು ಹೊರಗಿಡುತ್ತದೆ. ಈ ಆ್ಯಪ್‌ಗಳ ದನಿ ಬಹುಪಾಲು ಇಂಗ್ಲಿಷಿನದು. ಕನ್ನಡಕ್ಕೆ ತಂದರೂ ಪದ ಬದಲಾದ ಮಾತ್ರಕ್ಕೆ ಕೆಲಸ ಮುಗಿಯದು. ನಮ್ಮ ಜನ ಖಿನ್ನತೆ ಎನ್ನುವುದಿಲ್ಲ. ಬೇಜಾರು ಎನ್ನುತ್ತಾರೆ, ಎದೆ ಭಾರ ಎನ್ನುತ್ತಾರೆ, ಕೈಕಾಲು ಆಡುತ್ತಿಲ್ಲ, ಹೊಟ್ಟೆಯೊಳಗೆ ಸಂಕಟ ಎನ್ನುತ್ತಾರೆ. ‘ಸಾಕಾಗಿ ಹೋಗಿದೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಪಾತ್ರೆ ತೊಳೆದು ಮುಗಿಸಿದ ತಾಯಿ ದಿನವೂ ಅದನ್ನು ಹೇಳುತ್ತಾಳೆ. ಕೆಲಸ ಕಳೆದುಕೊಂಡು ಪಿ.ಜಿ. ಕೋಣೆಯಲ್ಲಿ ಒಬ್ಬನೇ ಕುಳಿತ ಹುಡುಗನೂ ಅದನ್ನೇ ಹೇಳಬಹುದು, ಅದೇ ಅವನ ಕೊನೆಯ ಮಾತೂ ಆಗಬಹುದು. ಇವೆರಡರ ನಡುವಿನ ಅಂತರ ಇರುವುದು ದನಿಯಲ್ಲಿ, ಮಾತಿನ ನಡುವಣ ಮೌನದಲ್ಲಿ. ಅಕ್ಷರಗಳನ್ನು ಮಾತ್ರ ಓದುವ ಯಂತ್ರಕ್ಕೆ ಅದು ಹೇಗೆ ದಕ್ಕಬೇಕು?

ಈ ಕಾರಣದಿಂದಲೇ, ಥಳುಕಿಲ್ಲದ ಒಂದು ಸರ್ಕಾರಿ ವ್ಯವಸ್ಥೆಯ ಮೇಲೆ ನನಗೆ ಹೆಚ್ಚು ಗೌರವ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ತಂತ್ರಜ್ಞಾನದ ನೆರವು ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐಐಐಟಿಯದು. 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. 2024ರ ಅಕ್ಟೋಬರ್‌ನಲ್ಲಿ ಇದಕ್ಕೂ ಒಂದು ಆ್ಯಪ್ ಬಂದಿತು. ಅಲ್ಲಿ ಪದಕಗಳ ಆಮಿಷವಿಲ್ಲದೆ ಮನುಷ್ಯರ ಕಿವಿ ಸಿಗುತ್ತದೆ ಎಂಬುದೇ ಅದರ ಬೆಲೆ.

ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಆ್ಯಪ್‌ಗಳನ್ನು ರಚಿಸುವ ಯುವಕ ಯುವತಿಯರು ಇದ್ದಾರೆ. ಅವರಿಗೆ ನನ್ನದು ಕೆಲವು ಬಿನ್ನಹ. ಮೊದಲ ಪುಟದಲ್ಲಿ ತೂಕಕ್ಕಿಂತ ಮುಂಚೆ ಮನೆ ಸೇರುವ ಹೊತ್ತನ್ನು ಕೇಳಿ. ಸರಣಿ ತಪ್ಪಿದವರನ್ನು ಸೊನ್ನೆಗೆ ಇಳಿಸಬೇಡಿ. ಭಾನುವಾರವಾದರೂ ಆ್ಯಪ್ ಬಾಯಿಮುಚ್ಚಿಕೊಂಡಿರಲಿ. ಮೂರು ತಿಂಗಳು ಚೆನ್ನಾಗಿದ್ದವರಿಗೆ, ಇನ್ನು ನಾನು ಬೇಕಾಗಿಲ್ಲ ಎಂದು ಹೇಳುವ ಒಂದು ಪುಟವನ್ನೂ, ಬರೆದದ್ದನ್ನೆಲ್ಲ ಒಂದೇ ಒತ್ತಿನಲ್ಲಿ ಅಳಿಸಿಹಾಕುವ ಒಂದು ಗುಂಡಿಯನ್ನೂ ಇಡಿ.

ತಂದೆತಾಯಂದಿರೇ, ಮಕ್ಕಳ ಫೋನಿನಲ್ಲಿ ಇಂಥದ್ದು ಇದ್ದರೆ ಕಸಿದುಕೊಳ್ಳಬೇಡಿ. ಒಂದು ಸಂಜೆ ಅವರ ಜೊತೆ ಕುಳಿತು ಒಂದು ಚಿಕ್ಕ ಪರೀಕ್ಷೆ ಮಾಡಿ. ಬದುಕಲು ಇಷ್ಟವಿಲ್ಲ ಎಂದು ಅದರಲ್ಲಿ ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ಅದು ಇನ್ನೊಂದು ಉಸಿರಾಟದ ವ್ಯಾಯಾಮವನ್ನು ತೋರಿಸುತ್ತದೆಯೋ, ಎಲ್ಲೋ ಅಮೆರಿಕದ ದೂರವಾಣಿ ಸಂಖ್ಯೆಯನ್ನು ಕೊಡುತ್ತದೆಯೋ, 14416 ಎಂಬ ಅಂಕಿಗಳನ್ನು ಪರದೆಯ ಮೇಲೆ ತರುತ್ತದೆಯೋ ನೋಡಿ. ತರದಿದ್ದರೆ ಆ ಐದು ಅಂಕಿಗಳನ್ನು ನೀವೇ ಅವರ ಫೋನಿನಲ್ಲಿ ಬರೆದಿಡಿ, ನಿಮ್ಮ ಸಂಖ್ಯೆಯ ಪಕ್ಕದಲ್ಲಿ.